ಕಾರ್ಡ್ ಇದೆಯಾ?

ಹೋದ ತಿಂಗಳ ಒಂದು ಭಾನುವಾರ ಮನೆ ತುಂಬ ನೆಂಟರು. ಮಧ್ಯಾಹ್ನ ಹೆಂಗಸರೆಲ್ಲ ಒಳಕೋಣೆಯಲ್ಲಿ ಕೂತು ಹರಟುತ್ತಿದ್ದೆವು. ಯಾರದೋ ಫೋನಿನಲ್ಲಿ ಒಬ್ಬ ನಟಿಯ ಫೋಟೋ ಬಂತು, ಫೋನು ಕೈಯಿಂದ ಕೈಗೆ ದಾಟಿತು. "ಅಯ್ಯೋ, ಅದೆಲ್ಲ ಪ್ಲಾಸ್ಟಿಕ್ಕು ಕಣ್ರೇ" ಅಂದರು ಅತ್ತೆ. ಅಲ್ಲಿಂದ ಶುರುವಾಯಿತು, ಎದೆ ದೊಡ್ಡದು ಮಾಡಿಸಿಕೊಳ್ಳುವವರ ಸುದ್ದಿ. ದುಡ್ಡು ಹೆಚ್ಚಾದವರ ಶೋಕಿ ಅಂತ ಒಬ್ಬರು. ವಿಮಾನ ಮೇಲೇರಿದರೆ ಒಡೆದೇ ಹೋಗುತ್ತಂತೆ ಅಂತ ಇನ್ನೊಬ್ಬರು. ಅಂಥವರಿಗೆ ಮಗುವಿಗೆ ಹಾಲು ಕೊಡೋಕೂ ಆಗಲ್ವಂತೆ, ಕೊನೆಗೆ ಕ್ಯಾನ್ಸರೇ ಅಂತೆ. ನನ್ನಕ್ಕ ಅದೇ ಕೋಣೆಯ ಕಿಟಕಿ ಪಕ್ಕ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದಳು. ಒಂದು ಟವೆಲನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ತಲೆ ಎತ್ತಲಿಲ್ಲ.

ಅಕ್ಕನ ಎದೆಯಲ್ಲಿ 2009ರಿಂದ ಇಂಪ್ಲಾಂಟ್ ಇದೆ, ಅಂದರೆ ಸ್ತನ ತುಂಬಿಕೊಳ್ಳಲು ಆಪರೇಷನ್ ಮಾಡಿ ಒಳಗಿಡುವ, ಜೆಲ್ಲೋ ಉಪ್ಪುನೀರೋ ತುಂಬಿದ, ರಬ್ಬರಿನಂಥ ಸಿಲಿಕೋನ್ ಚೀಲ. ಅಮ್ಮ ತೀರಿಕೊಂಡ ಮೇಲೆ ಇದು ಗೊತ್ತಿರುವುದು ಭಾವನಿಗೆ ಮತ್ತು ನನಗೆ ಮಾತ್ರ ಅಂತ ನಾನು ಅಂದುಕೊಂಡಿದ್ದೆ. ಅವತ್ತು ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಗುಟ್ಟು ರಟ್ಟಾಗುತ್ತಿತ್ತು ಅನ್ನುವುದು ನಿಜ, ಆದರೆ ಆ ಮೌನ ಆಮೇಲೆ ಎಷ್ಟೋ ರಾತ್ರಿ ಕಾಡಿತು. ಅಕ್ಕನಿಗೇ ಫೋನ್ ಮಾಡಿ, ಇದರ ಬಗ್ಗೆ ಬರೆಯಲಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಬರಿ. ನನ್ನ ಹೆಸರು ಬೇಡ. ಆದ್ರೆ ಆ ಕಾರ್ಡಿನ ವಿಷಯ ಮಾತ್ರ ಬಿಡಬೇಡ" ಅಂದಳು.

ನಮ್ಮ ಮಾತಿನಲ್ಲೇ ಒಂದು ವಿಚಿತ್ರ ಇದೆ. ಧೈರ್ಯಕ್ಕೆ ಎದೆಗಾರಿಕೆ ಅನ್ನುತ್ತೇವೆ, ಹೆದರಿದರೆ ಎದೆ ಝಲ್ಲೆನ್ನುತ್ತದೆ, ಪ್ರೀತಿಸಿದವರನ್ನು ಎದೆಯೊಳಗೆ ಇಟ್ಟುಕೊಳ್ಳುತ್ತೇವೆ. ಇಷ್ಟೆಲ್ಲ ಹೊತ್ತ ಪದ ಹೆಣ್ಣಿನ ಮೈಗೆ ಬಂದ ತಕ್ಷಣ ಪಿಸುಮಾತಾಗುತ್ತದೆ. ಸ್ತನ ಅಂದರೆ ಡಾಕ್ಟರ ಪುಸ್ತಕದ ಮಾತು, ಮೊಲೆ ಅಂದರೆ ಕೇಳಿದವರು ಅತ್ತಿತ್ತ ನೋಡುತ್ತಾರೆ. ಹೆಸರು ಹಿಡಿದು ಕೇಳಲಾಗದ ಅಂಗದ ಬಗ್ಗೆ ಸರಿಯಾದ ಸುದ್ದಿ ಹೇಗೆ ಬಂದೀತು? ಅಂತೆಕಂತೆಯೇ ಬರುತ್ತದೆ.

ಶೋಕಿ

ಅಕ್ಕನಿಗೆ ಹದಿಮೂರು ಹದಿನಾಲ್ಕು ಇದ್ದಾಗಲೇ ಎರಡು ಕಡೆ ಒಂದೇ ಸಮ ಬೆಳೆಯುತ್ತಿಲ್ಲ ಅನ್ನುವುದು ಗೊತ್ತಾಗಿತ್ತು. ಸಣ್ಣಪುಟ್ಟ ವ್ಯತ್ಯಾಸ ಎಲ್ಲ ಹೆಂಗಸರಲ್ಲೂ ಇರುತ್ತದೆ, ಅದು ಸಹಜ. ಅವಳದ್ದು ಸಣ್ಣದಾಗಿರಲಿಲ್ಲ. ಬಲಗಡೆ ಸುಮಾರಾಗಿ ಬೆಳೆದರೆ ಎಡಗಡೆ ಬಹುಮಟ್ಟಿಗೆ ಚಪ್ಪಟೆಯಾಗಿಯೇ ಉಳಿಯಿತು. ನಾವಿಬ್ಬರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದವರು. ರಾತ್ರಿ ಎಲ್ಲರೂ ಮಲಗಿದ ಮೇಲೆ ಅವಳು ಒಂದು ಕರ್ಚೀಫನ್ನು ನಾಲ್ಕು ಮಡಿಕೆ ಮಾಡಿ ಬ್ರಾದ ಎಡಗಡೆ ಇಟ್ಟು ಸೂಜಿ ದಾರದಲ್ಲಿ ಹೊಲಿಯುತ್ತಿದ್ದಳು. ಒಗೆಯುವಾಗ ಬಿಚ್ಚಬೇಕು, ಒಣಗಿದ ಮೇಲೆ ಮತ್ತೆ ಹೊಲಿಯಬೇಕು. ಹೊಲಿಗೆ ಒತ್ತಾಗಿ ಹಾಕಿದರೆ ಬಿಚ್ಚುವುದು ಕಷ್ಟ, ಸಡಿಲ ಹಾಕಿದರೆ ಓಡುವಾಗ ಜಾರುತ್ತದೆ. ಹದಿಮೂರು ವರ್ಷ ಹಾಗೆ ಹೊಲಿದಿದ್ದಾಳೆ. ಆಟೋಟ ಬಿಟ್ಟಳು, ಈಜಲು ಕಲಿಯಲಿಲ್ಲ, ಫೋಟೋಗೆ ನಿಂತರೆ ಎಡ ಭುಜ ಹಿಂದಕ್ಕೆ.

ಇಪ್ಪತ್ತೇಳನೇ ವಯಸ್ಸಿನಲ್ಲಿ ತನ್ನದೇ ಸಂಬಳ ಕೂಡಿಟ್ಟು ಆಪರೇಷನ್ ಮಾಡಿಸಿಕೊಳ್ಳುತ್ತೇನೆ ಅಂತ ಅವಳು ಹೇಳಿದಾಗ, ಆ ಸೂಜಿ ದಾರವನ್ನು ಕಣ್ಣಾರೆ ಕಂಡ ನಾನೇ ಹೇಳಿದ್ದು: "ಯಾರಿಗೆ ತೋರಿಸೋಕೆ ಇದೆಲ್ಲ?" ಈಗ ನೆನೆಸಿಕೊಂಡರೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅಕ್ಕ ಸಿಟ್ಟಾಗಲಿಲ್ಲ. "ಮುಚ್ಚಿಟ್ಟು ಮುಚ್ಚಿಟ್ಟು ಸಾಕಾಗಿದೆ ಕಣೇ" ಅಂದಳು, ಅಷ್ಟೇ.

ಈ ಆಪರೇಷನ್ನು ಹುಟ್ಟಿದ್ದೇ ಶೋಕಿಯಿಂದ ಅಂತ ತಿಳಿದವರಿಗೆ ಇದರ ಹಿಂದಿನ ಕಥೆ ಗೊತ್ತಿರುವುದಿಲ್ಲ. 1895ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ವಿನ್ಸೆಂಟ್ಸ್ ಚೆರ್ನಿ ಅನ್ನುವ ಶಸ್ತ್ರವೈದ್ಯ ಒಬ್ಬ ಹೆಂಗಸಿನ ಸ್ತನದಿಂದ ಗೆಡ್ಡೆ ತೆಗೆದ. ಅಲ್ಲಿ ಉಳಿದ ಹಳ್ಳವನ್ನು ಅವಳದೇ ಮೈಯಲ್ಲಿ ಬೇರೆಡೆ ಇದ್ದ ಕೊಬ್ಬಿನ ಗಂಟನ್ನು ತಂದಿಟ್ಟು ತುಂಬಿದ. ದಾಖಲೆಯಲ್ಲಿ ಸಿಗುವ ಮೊದಲ ಪ್ರಯತ್ನಗಳಲ್ಲಿ ಅದೊಂದು, ಮತ್ತು ಅದು ಕಳೆದುಕೊಂಡದ್ದನ್ನು ತುಂಬಿಕೊಡುವ ಕೆಲಸ. ಸಿಲಿಕೋನ್ ಇಂಪ್ಲಾಂಟ್ ಬಂದದ್ದು 1962ರಲ್ಲಿ, ಅಮೆರಿಕದ ಹ್ಯೂಸ್ಟನ್ನಿನಲ್ಲಿ, ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಜೆರೋ ಎಂಬ ಇಬ್ಬರು ವೈದ್ಯರಿಂದ. ಅದನ್ನು ಮೊದಲು ಹಾಕಿಸಿಕೊಂಡವಳು ಟಿಮ್ಮಿ ಜೀನ್ ಲಿಂಡ್ಸೆ. ಅವಳು ಆಸ್ಪತ್ರೆಗೆ ಹೋಗಿದ್ದು ಎದೆಯ ಮೇಲಿನ ಹಚ್ಚೆ ತೆಗೆಸಲು. ಹೊಸದೊಂದು ಪ್ರಯೋಗಕ್ಕೆ ಒಪ್ಪುತ್ತೀಯಾ ಅಂತ ವೈದ್ಯರೇ ಕೇಳಿದರು. ತನಗೆ ನಿಜವಾಗಿ ಬೇಕಿದ್ದದ್ದು ಮುಂದಕ್ಕೆ ಚಾಚಿದ ಕಿವಿಗಳನ್ನು ಸರಿಮಾಡಿಸುವುದು ಅಂತ ಎಷ್ಟೋ ವರ್ಷದ ಮೇಲೆ ಅವಳೇ ಹೇಳಿಕೊಂಡಿದ್ದಾಳೆ. ಜಗತ್ತಿನ ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿಸಿಕೊಂಡವಳು ಅದನ್ನು ಕೇಳಿಕೊಂಡು ಹೋದವಳೇ ಅಲ್ಲ.

ಇವತ್ತಿಗೂ ಇದೇ ಇಂಪ್ಲಾಂಟು ಕ್ಯಾನ್ಸರಿನಿಂದ ಸ್ತನ ತೆಗೆಸಿಕೊಂಡವರಿಗೆ ಹೊಸ ಸ್ತನ ಕಟ್ಟಿಕೊಡಲು ಬೇಕು. ಹುಟ್ಟಿನಿಂದಲೇ ಎದೆಯ ಒಂದು ಕಡೆಯ ಸ್ನಾಯು ಬೆಳೆಯದ ಪೋಲಂಡ್ ಸಿಂಡ್ರೋಮ್ ಇದ್ದವರಿಗೆ ಬೇಕು. ಹಾಗಂತ, ಇಂಥ ಕಾರಣ ಇದ್ದವರು ಒಳ್ಳೆಯವರು, ಬರೀ ಆಸೆಯಿಂದ ಮಾಡಿಸಿಕೊಂಡವರು ಶೋಕಿಯವರು ಅಂತ ಗೆರೆ ಎಳೆಯಲು ನನಗೆ ಮನಸ್ಸಿಲ್ಲ. ಕಾರಣವನ್ನು ಯಾರ ಮುಂದೂ ಒಪ್ಪಿಸಬೇಕಾಗಿಲ್ಲ. ನನ್ನ ತಕರಾರು ಬೇರೆ. ಶೋಕಿ ಅನ್ನುವ ಮಾತು ಬಿದ್ದ ಕ್ಷಣ ಆ ಹೆಂಗಸು ಪ್ರಶ್ನೆ ಕೇಳುವ ಹಕ್ಕನ್ನೇ ಕಳೆದುಕೊಳ್ಳುತ್ತಾಳೆ. ಆಪರೇಷನ್ ಆದ ಮೇಲೆ ನೋವಾದರೆ ಹೇಳುವ ಹಾಗಿಲ್ಲ, ಅನುಮಾನ ಬಂದರೆ ಕೇಳುವ ಹಾಗಿಲ್ಲ. ತಾನೇ ಬೇಡಿ ತಂದುಕೊಂಡದ್ದಲ್ಲವಾ ಅಂತ ಜನ ಅಂದಾರು ಅನ್ನುವ ಭಯ. ಅಕ್ಕನಿಗೆ ಆದದ್ದೂ ಅದೇ.

ಅಂಗೈ ಮೇಲೆ

ಆಪರೇಷನ್ನಿಗೆ ಮುಂಚೆ ಕ್ಲಿನಿಕ್ಕಿಗೆ ಜೊತೆಗೆ ಹೋಗಿದ್ದೆ, ಮುಖ ಗಂಟು ಹಾಕಿಕೊಂಡೇ. ಮೇಜಿನ ಮೇಲೆ ಒಂದು ಟ್ರೇ, ಅದರಲ್ಲಿ ಬೇರೆ ಬೇರೆ ಅಳತೆಯ ಸ್ಯಾಂಪಲ್ಲುಗಳು. ಡಾಕ್ಟರು ಒಂದನ್ನು ತೆಗೆದು ಅಕ್ಕನ ಅಂಗೈ ಮೇಲಿಟ್ಟರು. ಅವಳು ಹಿಡಿದು ನೋಡಿ ನನಗೆ ದಾಟಿಸಿದಳು. ಮೊದಲು ತಣ್ಣಗಿತ್ತು, ನಿಮಿಷದೊಳಗೆ ಕೈಯ ಬಿಸಿ ಹಿಡಿಯಿತು. ಹೊರಗಿನ ಪೊರೆ ತೆಳು, ಒಳಗಿನ ಜೆಲ್ ಒತ್ತಿದ ಕಡೆ ಸರಿದು ಬಿಟ್ಟ ಕೂಡಲೇ ತನ್ನ ಜಾಗಕ್ಕೆ ಬರುತ್ತಿತ್ತು. ಬೆಲೂನಿನ ಹಾಗೆ ಹಗುರವಾಗಿರುತ್ತದೆ ಅಂತ ನನ್ನ ಊಹೆಯಾಗಿತ್ತು. ಹಾಗಿರಲಿಲ್ಲ. ಅಳತೆ ಸಿಸಿ ಲೆಕ್ಕದಲ್ಲಿ, 275 ಸಿಸಿ ಅಂದರೆ ಹೆಚ್ಚುಕಮ್ಮಿ ಅಷ್ಟೇ ಗ್ರಾಂ ತೂಕ. ಬ್ರಾದ ಕಪ್ ಸೈಜಿನ ಲೆಕ್ಕದಲ್ಲಿ ಮಾತು ಕೊಡಲು ಆಗುವುದಿಲ್ಲ, ಆ ಸೈಜು ಕಂಪನಿಯಿಂದ ಕಂಪನಿಗೆ ಬೇರೆ, ಎದೆಯ ಅಗಲ ಮನುಷ್ಯರಿಂದ ಮನುಷ್ಯರಿಗೆ ಬೇರೆ ಅಂದರು ಡಾಕ್ಟರು. ಅಕ್ಕನಿಗೆ ಎರಡು ಕಡೆಗೆ ಎರಡು ಅಳತೆ ಬೇಕಿತ್ತು.

ಆ ಡಾಕ್ಟರು ಕೆಲವು ವಿಷಯ ಚೆನ್ನಾಗಿಯೇ ಹೇಳಿದರು, ಅದನ್ನು ಮರೆಮಾಚಲಾರೆ. ಹಿಂದಿನ ದಿನ ಬಂದಿದ್ದ ಒಬ್ಬರು ಜೋತುಬಿದ್ದದ್ದು ಎತ್ತರಿಸಿಕೊಳ್ಳಲು ಇಂಪ್ಲಾಂಟ್ ಕೇಳಿದರಂತೆ. "ಇದು ತುಂಬುತ್ತೆ, ಎತ್ತಲ್ಲ. ಎತ್ತೋಕೆ ಬೇರೆ ಆಪರೇಷನ್ ಇದೆ" ಅಂದರು. ಜೋತುಬಿದ್ದ ಸ್ತನದೊಳಗೆ ತೂಕ ಸೇರಿಸಿದರೆ ಅದು ಇನ್ನೂ ಇಳಿಯುತ್ತದೆ, ಬೇಕಾದರೆ ಚರ್ಮವನ್ನು ಕತ್ತರಿಸಿ ಹೊಲಿದು ಮೊಲೆತೊಟ್ಟನ್ನು ಮೇಲಕ್ಕೆ ಕೂರಿಸಬೇಕು, ಅದರ ಗಾಯದ ಗುರುತು ದೊಡ್ಡದು. ಇಂಪ್ಲಾಂಟ್ ಇಡಲು ಸ್ತನದ ಕೆಳಗಿನ ಮಡಿಕೆಯಲ್ಲೋ, ತೊಟ್ಟಿನ ಸುತ್ತಲಿನ ಕಪ್ಪು ವೃತ್ತದ ಅಂಚಿನಲ್ಲೋ, ಕಂಕುಳಲ್ಲೋ ಕೊಯ್ಯಬಹುದು. ಎದೆಯ ಸ್ನಾಯುವಿನ ಮೇಲೆ ಇಡಬಹುದು, ಕೆಳಗೂ ಇಡಬಹುದು. ಎಲ್ಲಿ ಇಟ್ಟರೂ ಅದು ಹಾಲಿನ ಗ್ರಂಥಿಗಳ ಹಿಂದೆಯೇ ಕೂರುವುದು. ತೊಟ್ಟಿನ ಸ್ಪರ್ಶ ಕೆಲವರಿಗೆ ಕಡಿಮೆಯಾಗಬಹುದು, ಕೆಲವರಿಗೆ ಅತಿಯಾಗಬಹುದು, ಬಹಳ ಸಲ ತಿಂಗಳುಗಳಲ್ಲಿ ಸರಿಹೋಗುತ್ತದೆ, ಕೆಲವೊಮ್ಮೆ ಹಾಗೇ ಉಳಿಯುತ್ತದೆ. ವಿಮಾನದ ವಿಷಯ ನಾನೇ ಕೇಳಿದೆ. ಒಳಗೆ ಹಿಗ್ಗುವ ಗಾಳಿಯೇ ಇಲ್ಲದ ಮೇಲೆ ಒಡೆಯುವುದು ಯಾಕೆ ಅಂದರು. ಕ್ರೀಮು, ಮಾಲೀಶು, ಮಾತ್ರೆ ಇವುಗಳಿಂದ ಬೆಳೆಯುತ್ತದೆ ಅನ್ನುವುದಕ್ಕೂ ಆಧಾರವಿಲ್ಲ. ವ್ಯಾಯಾಮದಿಂದ ಹಿಂದಿನ ಸ್ನಾಯು ಗಟ್ಟಿಯಾದೀತು, ಸ್ತನದಲ್ಲಿ ಬೆಳೆಯಲು ಸ್ನಾಯುವೇ ಇಲ್ಲ.

ಹೊರಡುವ ಮುಂಚೆ ಅಕ್ಕ ಕೇಳಿದ್ದು ಒಂದೇ ಪ್ರಶ್ನೆ. "ಇದು ಎಷ್ಟು ವರ್ಷ ಬರುತ್ತೆ?" ಅಷ್ಟರಲ್ಲಿ ಡಾಕ್ಟರಿಗೆ ಬೇರೆ ಕಡೆಯಿಂದ ಕರೆ ಬಂದಿತ್ತು, ಎದ್ದು ಹೋದರು. ಉತ್ತರ ಕೊಟ್ಟಿದ್ದು ಕಾಗದಪತ್ರ ನೋಡಿಕೊಳ್ಳುವ ಹುಡುಗಿ. "ಒಂದು ಸಲ ಹಾಕಿಸಿಕೊಂಡ್ರೆ ಮುಗೀತು ಮೇಡಂ, ಮರೆತುಬಿಡಿ."

ಅವಳ ದನಿಯಲ್ಲಿ ಮೋಸ ಇರಲಿಲ್ಲ. ಅವಳೂ ಅದನ್ನೇ ನಂಬಿದ್ದಳು ಅಂತ ಕಾಣುತ್ತದೆ. ಅಕ್ಕನಿಗೂ ಕೇಳಬೇಕಾಗಿದ್ದದ್ದು ಅದೇ ಮಾತು. ಹದಿಮೂರು ವರ್ಷ ಪ್ರತಿ ರಾತ್ರಿ ನೆನಪಿಟ್ಟುಕೊಂಡು ಹೊಲಿದವಳಿಗೆ ಮರೆತುಬಿಡಿ ಅನ್ನುವುದಕ್ಕಿಂತ ಹಿತವಾದ ಮಾತು ಯಾವುದು? ಅತ್ತೆ ಹೇಳಿದ ಯಾವ ಅಂತೆಕಂತೆಯೂ ಅಕ್ಕನಿಗೆ ಕೇಡು ಮಾಡಲಿಲ್ಲ. ಕೇಡು ಮಾಡಿದ್ದು ಈ ಒಂದು ಮಾತು.

ಹಾಲು

2011ರಲ್ಲಿ ಮಗಳು ಹುಟ್ಟಿದಳು. ಭಾವನಿಗೆ ಮದುವೆಗೆ ಮುಂಚೆಯೇ ಎಲ್ಲ ಹೇಳಿದ್ದಳು, ಅವರಿಗೆ ಅದು ದೊಡ್ಡ ವಿಷಯವಾಗಿರಲಿಲ್ಲ. ಆದರೆ ಹೆರಿಗೆಯಾದ ರಾತ್ರಿ ಅಕ್ಕ ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಎದೆಗೆ ಹಚ್ಚದೆ ಕೂತಿದ್ದಳು. ಸಿಲಿಕೋನ್ ಹಾಲಿನಲ್ಲಿ ಸೇರಿದರೆ ಏನು ಗತಿ ಅಂತ. ನರ್ಸನ್ನು ಕೇಳಲು ನಾಚಿಕೆ. ಕೊನೆಗೆ ನಾನೇ ಹೊರಗೆ ಹೋಗಿ, ಡ್ಯೂಟಿಯಲ್ಲಿದ್ದ ಲೇಡಿ ಡಾಕ್ಟರನ್ನು ಪಕ್ಕಕ್ಕೆ ಕರೆದು, ದನಿ ತಗ್ಗಿಸಿ ಹೇಳಿದೆ. ಅವರು ಒಳಗೆ ಬಂದು ಬಾಗಿಲು ಹಾಕಿಕೊಂಡು ಎರಡೂ ಕಡೆ ಮುಟ್ಟಿ ನೋಡಿದರು. ಕೊಯ್ತ ಕೆಳಗಿನ ಮಡಿಕೆಯಲ್ಲಿದೆ, ಹಾಲಿನ ನಾಳಗಳಿಗೆ ಏನೂ ಆಗಿಲ್ಲ, ಹಾಲು ಕೊಡಿ ಅಂದರು. ತೊಟ್ಟಿನ ಸುತ್ತ ಕೊಯ್ದಿದ್ದರೆ ನಾಳ ಮತ್ತು ನರಕ್ಕೆ ಪೆಟ್ಟಾಗುವ ಸಾಧ್ಯತೆ ಹೆಚ್ಚು, ಆಗಲೂ ಪ್ರಯತ್ನ ಮಾಡಿಯೇ ನೋಡಬೇಕು. ಎಡಗಡೆ ಹಾಲು ಕಡಿಮೆಯೇ ಇತ್ತು. ಅದಕ್ಕೆ ಕಾರಣ ಇಂಪ್ಲಾಂಟ್ ಅಲ್ಲವಂತೆ, ಆ ಕಡೆ ಗ್ರಂಥಿಯೇ ಸರಿಯಾಗಿ ಬೆಳೆದಿರಲಿಲ್ಲ. ಬಲಗಡೆಯಿಂದ ಮಗು ಹೊಟ್ಟೆ ತುಂಬ ಕುಡಿಯಿತು. ಆ ಡಾಕ್ಟರು ಅವತ್ತು ಕೊಟ್ಟ ಹತ್ತು ನಿಮಿಷದ ಋಣ ನಮ್ಮ ಮೇಲಿದೆ.

ಮರೆತುಬಿಡಿ

ಮೈಯೊಳಗೆ ಹೊರಗಿನ ವಸ್ತು ಏನೇ ಬಂದರೂ ದೇಹ ಅದರ ಸುತ್ತ ಗಾಯದ ಅಂಗಾಂಶದ ಒಂದು ಪೊರೆ ಕಟ್ಟುತ್ತದೆ. ಇಂಪ್ಲಾಂಟ್ ಹಾಕಿಸಿಕೊಂಡ ಎಲ್ಲರಲ್ಲೂ ಇದು ಆಗುತ್ತದೆ, ಆಗಬೇಕು. ತೊಂದರೆಯಾಗುವುದು ಆ ಪೊರೆ ಬಿಗಿಯುತ್ತಾ ಕುಗ್ಗತೊಡಗಿದಾಗ. ಡಾಕ್ಟರುಗಳು ಇದನ್ನು ಬೇಕರ್ ಅನ್ನುವವರ ಹೆಸರಿನಲ್ಲಿ ನಾಲ್ಕು ದರ್ಜೆ ಮಾಡಿ ಅಳೆಯುತ್ತಾರೆ. ಒಂದರಲ್ಲಿ ಸ್ತನ ಮೆತ್ತಗೇ ಇರುತ್ತದೆ, ಎರಡರಲ್ಲಿ ಸ್ವಲ್ಪ ಗಟ್ಟಿ, ಮೂರರಲ್ಲಿ ಗಟ್ಟಿಯಾಗಿ ಆಕಾರ ಬದಲಾದದ್ದು ಕಣ್ಣಿಗೇ ಕಾಣುತ್ತದೆ, ನಾಲ್ಕರಲ್ಲಿ ನೋವು. ಇನ್ನೊಂದು, ಇಂಪ್ಲಾಂಟಿನ ಹೊರಪೊರೆ ಸವೆದು ಸೀಳುವುದು. ಉಪ್ಪುನೀರು ತುಂಬಿದ್ದಾದರೆ ನೀರು ಸೋರಿ ಆ ಕಡೆ ಇಳಿದುಹೋಗುತ್ತದೆ, ಬೇಗ ಗೊತ್ತಾಗುತ್ತದೆ, ನೀರನ್ನು ದೇಹ ಹೀರಿಕೊಳ್ಳುತ್ತದೆ. ಜೆಲ್ ಆದರೆ ಒಡೆದರೂ ದೇಹ ಕಟ್ಟಿದ ಪೊರೆಯೊಳಗೇ ನಿಂತಿರುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗದು, ಮುಟ್ಟಿದರೂ ಎಷ್ಟೋ ಸಲ ಗೊತ್ತಾಗದು. ಅದಕ್ಕೇ ಸ್ಕ್ಯಾನ್ ಬೇಕು.

ಇದು ಆಮೇಲೆ ಕಂಡುಹಿಡಿದ ವಿಷಯವೂ ಅಲ್ಲ. ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಸಾಧನಗಳ ಮೇಲೆ ಕಣ್ಣಿಡುವ ಎಫ್‌ಡಿಎ 2006ರಲ್ಲಿ ಸಿಲಿಕೋನ್ ಇಂಪ್ಲಾಂಟುಗಳಿಗೆ ಒಪ್ಪಿಗೆ ಕೊಟ್ಟಾಗಲೇ, ಮೂರು ವರ್ಷವಾದ ಮೇಲೆ ಒಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ ಎಂಆರ್‌ಐ ಮಾಡಿಸಿ ಅಂದಿತ್ತು. ಈಗಿನ ಸಲಹೆ ಐದಾರು ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ, ಅಲ್ಟ್ರಾಸೌಂಡ್ ಆದರೂ ಸರಿ. ಇವು ಜೀವನಪೂರ್ತಿ ಬಾಳುವ ಸಾಧನಗಳಲ್ಲ ಅಂತ ಅವರೇ ಬರೆದಿದ್ದಾರೆ. ಗಾತ್ರ ಹೆಚ್ಚಿಸಿಕೊಳ್ಳಲು ಹಾಕಿಸಿಕೊಂಡವರಲ್ಲಿ ಹತ್ತು ವರ್ಷದೊಳಗೆ ಐದರಲ್ಲಿ ಒಬ್ಬರಿಗೆ ತೆಗೆಸಬೇಕಾಗಿ ಬರಬಹುದು ಅಂತ 2011ರಲ್ಲಿ ಹೇಳಿದರು. ಹತ್ತು ವರ್ಷ ತುಂಬಿತು ಅಂತ ಸುಮ್ಮಸುಮ್ಮನೆ ಬದಲಾಯಿಸಬೇಕು ಅನ್ನುವುದೂ ತಪ್ಪೇ, ತೊಂದರೆ ಇಲ್ಲದಿದ್ದರೆ ಹಾಗೇ ಇರಬಹುದು. ಆದರೆ ಇದೆಯೋ ಇಲ್ಲವೋ ಅಂತ ನೋಡುತ್ತಿರಬೇಕು. ಅಕ್ಕನಿಗೆ ಹದಿಮೂರು ವರ್ಷ ಯಾರೂ ಒಂದೇ ಒಂದು ಸ್ಕ್ಯಾನ್ ಮಾಡಿಸು ಅನ್ನಲಿಲ್ಲ. ಮರೆತುಬಿಡಿ ಅಂದಿದ್ದರು, ಮರೆತಿದ್ದಳು.

ಪೂರ್ತಿ ಮರೆತಿರಲಿಲ್ಲ. ಆಪರೇಷನ್ ಆದ ಮರುವರ್ಷ, 2010ರ ಮಾರ್ಚ್‌ನಲ್ಲಿ, ಫ್ರಾನ್ಸಿನ ಪಿಐಪಿ ಅನ್ನುವ ಕಂಪನಿಯ ಸುದ್ದಿ ಬಂತು. ಮೈಯೊಳಗೆ ಇಡಲು ಒಪ್ಪಿಗೆ ಇಲ್ಲದ, ಕೈಗಾರಿಕೆಗೆ ಬಳಸುವ ಸಿಲಿಕೋನನ್ನು ತುಂಬಿ ಇಂಪ್ಲಾಂಟ್ ಮಾಡಿ ಎಷ್ಟೋ ದೇಶಗಳಿಗೆ ಮಾರಿದ್ದರು. ಅದರ ಸ್ಥಾಪಕನಿಗೆ 2013ರಲ್ಲಿ ನಾಲ್ಕು ವರ್ಷ ಜೈಲು ಶಿಕ್ಷೆಯಾಯಿತು. ಸುದ್ದಿ ನೋಡಿದ ಅಕ್ಕ ತನ್ನದು ಯಾವ ಕಂಪನಿಯದು ಅಂತ ತಿಳಿಯಲು ಮನೆಯ ಕಾಗದಗಳನ್ನೆಲ್ಲ ಹುಡುಕಿದಳು. ಬಿಲ್ಲು ಇತ್ತು, ಔಷಧ ಚೀಟಿ ಇತ್ತು. ಕಂಪನಿಯ ಹೆಸರು ಎಲ್ಲೂ ಇರಲಿಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ "ನಿಮ್ದು ಅದಲ್ಲ ಬಿಡಿ ಮೇಡಂ" ಅಂದರು. ಬರೆದುಕೊಡಿ ಅಂತ ಕೇಳುವ ಎದೆಗಾರಿಕೆ ಅವಳಿಗೆ ಇರಲಿಲ್ಲ, ನನಗೂ ಹೊಳೆಯಲಿಲ್ಲ.

2019ರ ಜುಲೈಯಲ್ಲಿ ಇನ್ನೊಂದು ಸುದ್ದಿ. ಅಲರ್ಗನ್ ಕಂಪನಿಯ ಬಯೋಸೆಲ್ ಅನ್ನುವ ಒರಟು ಮೈಯ ಇಂಪ್ಲಾಂಟುಗಳನ್ನು ಇಡೀ ಜಗತ್ತಿನಿಂದ ವಾಪಸ್ ತೆಗೆದುಕೊಂಡರು. ಅವುಗಳಿಂದ ಲಿಂಫೋಮಾ ಅನ್ನುವ ಒಂದು ಬಗೆಯ ಕ್ಯಾನ್ಸರ್ ಬರುತ್ತಿದೆ ಅನ್ನುವುದು ಸ್ಪಷ್ಟವಾಗಿತ್ತು. ಆ ಹೊತ್ತಿಗೆ ಜಗತ್ತಿನಾದ್ಯಂತ ಎಫ್‌ಡಿಎ ಲೆಕ್ಕಕ್ಕೆ ಬಂದಿದ್ದ 573 ಪ್ರಕರಣಗಳಲ್ಲಿ 481 ಆ ಕಂಪನಿಯ ಇಂಪ್ಲಾಂಟಿನವು, ಸತ್ತವರು 33. ಲಕ್ಷಗಟ್ಟಲೆ ಹೆಂಗಸರ ನಡುವೆ ಈ ಸಂಖ್ಯೆ ಸಣ್ಣದು ಅಂತ ಓದುವವರಿಗೆ ಅನ್ನಿಸಬಹುದು. ತನ್ನದು ಒರಟೋ ನುಣುಪೋ ಗೊತ್ತಿಲ್ಲದೆ ರಾತ್ರಿ ಎರಡು ಗಂಟೆಗೆ ಎದ್ದು ಕೂತವಳಿಗೆ ಅದು ಸಣ್ಣದಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿದಳು, ಆ ನಂಬರೇ ಚಾಲ್ತಿಯಲ್ಲಿರಲಿಲ್ಲ. ನಾನು ಹೋಗಿ ನೋಡಿದೆ, ಅಲ್ಲಿ ಬೇರೆ ಯಾರದೋ ಆಫೀಸಿತ್ತು. ಕ್ಲಿನಿಕ್ಕೂ ಇಲ್ಲ, ದಾಖಲೆಯೂ ಇಲ್ಲ.

ಕ್ಯಾನ್ಸರ್ ಅನ್ನುವ ಒಂದೇ ಪದದೊಳಗೆ ಎಷ್ಟು ಬೇರೆ ಬೇರೆ ವಿಷಯ ತುಂಬಿಬಿಟ್ಟಿದ್ದೇವೆ ಅನ್ನುವುದು ನನಗೆ ಗೊತ್ತಾದದ್ದು ಆಗ. ಇಂಪ್ಲಾಂಟಿನಿಂದ ಸ್ತನ ಕ್ಯಾನ್ಸರ್ ಬರುತ್ತದಾ ಅಂತ ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಪರೀಕ್ಷಿಸಿ ನೋಡಿದ್ದಾರೆ, ಹಾಗೆ ಹೆಚ್ಚಾಗುವುದು ಕಂಡಿಲ್ಲ. ಮೇಲೆ ಹೇಳಿದ ಲಿಂಫೋಮಾ ಸ್ತನದ ಕ್ಯಾನ್ಸರ್ ಅಲ್ಲ, ರೋಗ ತಡೆಯುವ ಕಣಗಳದ್ದು, ಇಂಪ್ಲಾಂಟಿನ ಸುತ್ತಲಿನ ಪೊರೆಯಲ್ಲಿ ಮತ್ತು ಅಲ್ಲಿ ಸೇರುವ ದ್ರವದಲ್ಲಿ ಶುರುವಾಗುತ್ತದೆ. ಎಷ್ಟೋ ವರ್ಷದ ಮೇಲೆ ಒಂದು ಕಡೆ ಇದ್ದಕ್ಕಿದ್ದಂತೆ ಊದಿಕೊಳ್ಳುವುದು ಅದರ ಮುಖ್ಯ ಲಕ್ಷಣ. ಬೇಗ ಕಂಡುಹಿಡಿದರೆ ಇಂಪ್ಲಾಂಟನ್ನೂ ಪೊರೆಯನ್ನೂ ಪೂರ್ತಿ ತೆಗೆಯುವುದರಿಂದಲೇ ಬಹುಪಾಲು ಜನ ಗುಣವಾಗುತ್ತಾರೆ. ಊತವಿಲ್ಲ, ನೋವಿಲ್ಲ ಅನ್ನುವವರು ಬರೀ ಭಯಕ್ಕೆ ತೆಗೆಸಬೇಕಾಗಿಲ್ಲ ಅಂತಲೂ ಆಗ ಎಫ್‌ಡಿಎ ಹೇಳಿತು. ಇನ್ನು ಮ್ಯಾಮೋಗ್ರಾಂ, ಅಂದರೆ ಸ್ತನ ಕ್ಯಾನ್ಸರ್ ಪತ್ತೆಗೆ ಮಾಡುವ ಎಕ್ಸ್‌ರೇ. ಇಂಪ್ಲಾಂಟ್ ಇದ್ದರೆ ಮಾಡಿಸುವ ಹಾಗಿಲ್ಲ ಅಂತ ತಿಳಿದು ಎಷ್ಟೋ ಜನ ಪರೀಕ್ಷೆಯನ್ನೇ ಬಿಡುತ್ತಾರೆ. ಇದು ನಿಜಕ್ಕೂ ಅಪಾಯದ ತಪ್ಪು. ಇಂಪ್ಲಾಂಟ್ ಸ್ವಲ್ಪ ಭಾಗವನ್ನು ಮರೆಮಾಡುವುದು ಹೌದು, ಅದಕ್ಕೇ ಅದನ್ನು ಹಿಂದಕ್ಕೆ ಸರಿಸಿ ಸ್ತನವನ್ನು ಮುಂದಕ್ಕೆಳೆದು ಹೆಚ್ಚಿನ ಚಿತ್ರ ತೆಗೆಯುತ್ತಾರೆ. ಒತ್ತುವಾಗ ಒಡೆಯುವುದು ಅಪರೂಪ. ಆದರೆ ಯಂತ್ರದ ಮುಂದೆ ನಿಲ್ಲುವ ಮುಂಚೆ ಇಂಪ್ಲಾಂಟ್ ಇದೆ ಅಂತ ಬಾಯಿಬಿಟ್ಟು ಹೇಳಬೇಕು. ಆ ಒಂದು ವಾಕ್ಯ ಹೇಳಲಾರದೆ ಅಕ್ಕ ಎರಡು ವರ್ಷ ಪರೀಕ್ಷೆ ಮುಂದೂಡಿದಳು.

ಸುಸ್ತು, ಕೀಲು ನೋವು, ಕೂದಲು ಉದುರುವುದು, ಮರೆವು ಇವಕ್ಕೆಲ್ಲ ಇಂಪ್ಲಾಂಟೇ ಕಾರಣ ಅನ್ನುವ ಹೆಂಗಸರೂ ಇದ್ದಾರೆ. ಇದರ ಹಿಂದೆ ದೊಡ್ಡ ಚರಿತ್ರೆಯೇ ಇದೆ. 1992ರಲ್ಲಿ ಅಮೆರಿಕ ಅಂದಕ್ಕಾಗಿ ಸಿಲಿಕೋನ್ ಇಂಪ್ಲಾಂಟ್ ಹಾಕುವುದನ್ನು ತಡೆಹಿಡಿಯಿತು. ಮೊಕದ್ದಮೆಗಳ ಭಾರಕ್ಕೆ ಡೌ ಕಾರ್ನಿಂಗ್ ಕಂಪನಿ 1995ರಲ್ಲಿ ದಿವಾಳಿ ಅರ್ಜಿ ಹಾಕಿತು. ಕೀಲು ಮತ್ತು ಅಂಗಾಂಶಗಳ ರೋಗಕ್ಕೆ ಸಿಲಿಕೋನ್ ಕಾರಣ ಅನ್ನಲು ಆಧಾರ ಸಿಗಲಿಲ್ಲ ಅಂತ 1999ರಲ್ಲಿ ಅಲ್ಲಿನ ತಜ್ಞರ ಸಮಿತಿ ವರದಿ ಕೊಟ್ಟಿತು. ಆದರೂ ಈ ದೂರು ನಿಂತಿಲ್ಲ, ತೆಗೆಸಿದ ಮೇಲೆ ಹಗುರಾಯಿತು ಅನ್ನುವವರೂ ಕಡಿಮೆಯಿಲ್ಲ. ಖಚಿತಪಡಿಸುವ ರಕ್ತಪರೀಕ್ಷೆ ಯಾವುದೂ ಇಲ್ಲ. 2021ರಲ್ಲಿ ಎಫ್‌ಡಿಎ ಇಂಪ್ಲಾಂಟಿನ ಮೇಲಿನ ಅತಿ ಕಟುವಾದ ಎಚ್ಚರಿಕೆಯಲ್ಲಿ ಈ ಲಕ್ಷಣಗಳನ್ನೂ ಸೇರಿಸಿತು. ಪರೀಕ್ಷೆಯಲ್ಲಿ ಸಿಗಲಿಲ್ಲ ಅಂದ ಮಾತ್ರಕ್ಕೆ ಆ ಹೆಂಗಸರು ಸುಳ್ಳು ಹೇಳುತ್ತಿದ್ದಾರೆ ಅನ್ನಲು ನನ್ನಿಂದಾಗದು.

ಹಿಂಬದಿಯ ಅಕ್ಷರ

2022ರ ಆರಂಭಕ್ಕೆ ಅಕ್ಕನ ಎಡಗಡೆ ಗಟ್ಟಿಯಾಗಿ ಮೇಲಕ್ಕೆ ಸರಿಯತೊಡಗಿತ್ತು. ಆ ಕಡೆ ಹೊರಳಿ ಮಲಗಿದರೆ ಕೆಳಗೆ ಏನೋ ಇಟ್ಟ ಹಾಗೆ ಒತ್ತುತ್ತದೆ ಅಂದಳು. ಫೋಟೋದಲ್ಲಿ ಭುಜ ಮತ್ತೆ ಹಿಂದಕ್ಕೆ ಹೋಗಿತ್ತು. ನಾನು ಗದರಿಸಿ ಕರೆದುಕೊಂಡು ಹೋದೆ. ಅಲ್ಟ್ರಾಸೌಂಡ್ ಕೋಣೆಯಲ್ಲಿ ಮಲಗಿಸಿದ ಹುಡುಗಿ ಕೇಳಿದ ಮೊದಲ ಪ್ರಶ್ನೆ, "ಇಂಪ್ಲಾಂಟಾ? ಯಾವುದು? ಕಾರ್ಡ್ ಇದೆಯಾ?"

ಯಾವ ಕಾರ್ಡು ಅಂತ ನಾವಿಬ್ಬರೂ ಒಟ್ಟಿಗೆ ಕೇಳಿದೆವು.

ಇಂಪ್ಲಾಂಟ್ ಹಾಕಿದ ದಿನವೇ ಕೊಡಬೇಕಾದ ಕಾರ್ಡಂತೆ. ಕಂಪನಿಯ ಹೆಸರು, ಮಾದರಿ, ಅಳತೆ, ಸೀರಿಯಲ್ ನಂಬರು, ಯಾವ ಕಡೆ, ಯಾವ ತಾರೀಕು ಎಲ್ಲ ಅದರಲ್ಲಿರುತ್ತದೆ. ಪರ್ಸಿನಲ್ಲಿ ಇಟ್ಟುಕೊಳ್ಳುವಷ್ಟು ಚಿಕ್ಕದು. 2010ರಲ್ಲಿ ಅದಿದ್ದಿದ್ದರೆ ಒಂದು ನಿಮಿಷದ ಕೆಲಸ, 2019ರಲ್ಲೂ ಒಂದೇ ನಿಮಿಷದ ಕೆಲಸ. ಮೂರು ವರ್ಷದ ನಿದ್ದೆಗೇಡು ಒಂದು ತುಂಡು ಕಾಗದಕ್ಕೆ. ಆ ಕ್ಲಿನಿಕ್ಕಿನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ.

ತೆರೆಯ ಮೇಲೆ ಎಡಗಡೆಯ ಕಪ್ಪು ಜಾಗದೊಳಗೆ ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಗೆರೆಗಳು ಕಂಡವು. ಒಡೆದ ಪೊರೆ ಮಡಿಚಿಕೊಂಡು ಜೆಲ್ಲಿನೊಳಗೆ ತೇಲುತ್ತಿದೆ ಅಂದರು. ಯಾವಾಗ ಒಡೆಯಿತೋ ಹೇಳಲಾಗದು, ವರ್ಷಗಳೇ ಆಗಿರಬಹುದು. ಎಂಆರ್‌ಐ ಅದನ್ನೇ ಹೇಳಿತು. ಜೆಲ್ ಪೊರೆ ದಾಟಿ ಹೋಗಿರಲಿಲ್ಲ, ಅದೊಂದು ಸಮಾಧಾನ. ತೆಗೆದು ಹಾಗೇ ಬಿಡುವುದೋ, ಹೊಸದು ಹಾಕಿಸುವುದೋ ಅಂತ ಯೋಚಿಸಲು ಈ ಡಾಕ್ಟರು ಎರಡು ವಾರ ಟೈಮ್ ಕೊಟ್ಟರು. ಒಬ್ಬರೇ ಕೂತು ಎಲ್ಲ ಪ್ರಶ್ನೆಗೂ ತಾವೇ ಉತ್ತರ ಹೇಳಿದ ಹೆಂಗಸು ಅವರು. ಹೊಸದು ಹಾಕಿದರೆ ಅದನ್ನೂ ಒಂದು ದಿನ ಬದಲಾಯಿಸಬೇಕಾಗಿ ಬರಬಹುದು, ಹಾಕದಿದ್ದರೆ ಚರ್ಮ ಸಡಿಲಾಗಿ ಕಾಣಬಹುದು, ಎರಡೂ ನಡೆಯುತ್ತದೆ ಅಂದರು. ಅಕ್ಕ ಹಾಕಿಸಿಕೊಳ್ಳುತ್ತೇನೆ ಅಂದಳು. ಈ ಸಲ ನಾನು ಯಾರಿಗೆ ತೋರಿಸೋಕೆ ಅಂತ ಕೇಳಲಿಲ್ಲ.

ಆಪರೇಷನ್ ಆದ ಮರುದಿನ ಡಾಕ್ಟರು ಹಳೆಯದನ್ನು ನೋಡುತ್ತೀರಾ ಅಂತ ಕೇಳಿದರು. ಅಕ್ಕ ಹೂಂ ಅಂದಳು. ಸ್ಟೀಲ್ ತಟ್ಟೆಯಲ್ಲಿ ಎರಡು ಇದ್ದವು. ಬಲಗಡೆಯದು ಒಡೆಯದೆ ಇಡಿಯಾಗಿತ್ತು, ಬಣ್ಣ ಮಾತ್ರ ಹಳದಿಗೆ ತಿರುಗಿತ್ತು. ಎಡಗಡೆಯದರ ಪೊರೆ ಹರಿದು ಅಂಟಂಟು ಜೆಲ್ ಅಂಚಿಗೆ ಬಂದಿತ್ತು. ಡಾಕ್ಟರು ಕೈಗವಸು ಹಾಕಿಕೊಂಡು ಅದನ್ನು ಬೋರಲು ಹಾಕಿದರು. ಹಿಂಬದಿಯ ನಡುವೆ ಒಂದು ದುಂಡನೆಯ ಗುರುತು, ಅದರ ಮೇಲೆ ಅಚ್ಚೊತ್ತಿದ ಪುಟಾಣಿ ಅಕ್ಷರ. ಕಂಪನಿಯ ಹೆಸರು, 275, ಒಂದು ನಂಬರು. ಮೈ ನುಣುಪು. ಪಿಐಪಿಯೂ ಅಲ್ಲ, ವಾಪಸ್ ತೆಗೆದುಕೊಂಡದ್ದೂ ಅಲ್ಲ. ಅಕ್ಕ ಅದನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಫೋನು ಕೇಳಿ, ನಡುಗುವ ಕೈಯಲ್ಲೇ ಆ ನಂಬರಿನ ಫೋಟೋ ತೆಗೆದಳು. "ಇಷ್ಟು ವರ್ಷ ನನ್ನೊಳಗೇ ಬರೆದಿತ್ತಲ್ಲೇ" ಅಂದಳು. ಈ ಸಲದ ಕಾರ್ಡು ಅವಳ ಪರ್ಸಿನಲ್ಲಿದೆ, ಇನ್ನೊಂದು ಪ್ರತಿ ನನ್ನ ಹತ್ತಿರ.

ಆ ಭಾನುವಾರ ಸಂಜೆ ನೆಂಟರೆಲ್ಲ ಹೊರಟ ಮೇಲೆ ಅಕ್ಕನ ಮಗಳು ಅಡುಗೆಮನೆಗೆ ಬಂದು ನನ್ನ ಪಕ್ಕ ನಿಂತಳು. ಹದಿನಾಲ್ಕು ವರ್ಷ. ನಾನು ತೊಳೆದಿಟ್ಟ ಲೋಟವನ್ನೇ ಮತ್ತೆ ಒರೆಸುತ್ತಾ, "ಚಿಕ್ಕಮ್ಮಾ, ಅವರೆಲ್ಲ ಹೇಳ್ತಿದ್ರಲ್ಲ, ಅಮ್ಮಂಗೂ ಇದೆ ಅಲ್ವಾ?" ಅಂದಳು. ಅಕ್ಕ ಆಸ್ಪತ್ರೆಯಿಂದ ಬಂದ ದಿನ ಅವಳಿಗೆ ಹನ್ನೊಂದು, ಕೇಳಿಸಿಕೊಂಡಿದ್ದಾಳೆ. ಮೂರು ವರ್ಷ ಒಬ್ಬಳೇ ಇಟ್ಟುಕೊಂಡಿದ್ದಾಳೆ. ಆಮೇಲೆ ಇನ್ನೂ ಮೆಲ್ಲಗೆ ಕೇಳಿದಳು, "ಅಮ್ಮಂಗೆ ಕ್ಯಾನ್ಸರ್ ಬರುತ್ತಾ?"

ನಾನು ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಮಡಚಿದ ಬಟ್ಟೆಯ ರಾಶಿ ಎತ್ತಿಕೊಂಡು. ಎಷ್ಟು ಕೇಳಿಸಿಕೊಂಡಳೋ ಗೊತ್ತಿಲ್ಲ. ಬಟ್ಟೆಯನ್ನು ಕುರ್ಚಿಯ ಮೇಲಿಟ್ಟು, ಮಗಳ ಕೈಯಿಂದ ಲೋಟ ತೆಗೆದುಕೊಂಡು, "ನನ್ನ ಪರ್ಸ್ ತಗೊಂಡು ಬಾ ಪುಟ್ಟ" ಅಂದಳು.